ಸ್ವಾಮಿ ಕೇಳಿದರು, ತಂದೆಗೆ ಉತ್ತರ ಗೊತ್ತಿತ್ತು

ಧ್ಯಾನಕ್ಕೆ: ಮಾರ್ಕ 9:14–29, ಯೊವಾನ್ನ 9:18–23, ನೆಹೆಮೀಯ 2:1–16



ಯೇಸುಸ್ವಾಮಿ ಬೆಟ್ಟದಿಂದ ಇಳಿದು ಬಂದಾಗ ಕೆಳಗೆ ದೊಡ್ಡ ಗದ್ದಲ ನಡೆದಿತ್ತು. ಒಂದು ಕಡೆ ಶಿಷ್ಯರು, ಇನ್ನೊಂದು ಕಡೆ ಧರ್ಮಶಾಸ್ತ್ರಿಗಳು, ಸುತ್ತಲೂ ಜನರ ಗುಂಪು. ಗುಂಪಿನ ನಡುವೆ ಒಬ್ಬ ತಂದೆ. ಅವನ ಮಗನಿಗೆ ಮಾತು ಬರುತ್ತಿರಲಿಲ್ಲ. ಆಗಾಗ ನೆಲಕ್ಕೆ ಬಿದ್ದು ನೊರೆ ಕಾರಿ ಒದ್ದಾಡುತ್ತಿದ್ದ. ಶಿಷ್ಯರ ಕೈಯಲ್ಲಿ ಗುಣಪಡಿಸಲು ಆಗಿರಲಿಲ್ಲ. ಹುಡುಗನನ್ನು ಸ್ವಾಮಿಯ ಮುಂದೆ ತಂದಾಗಲೂ ಅವನು ಬಿದ್ದು ಹೊರಳಾಡಿದ. ಆಗ ಸ್ವಾಮಿ ಮೊದಲು ಮಾಡಿದ್ದೇನು? ತಂದೆಯ ಕಡೆ ತಿರುಗಿ, ಇದು ಎಷ್ಟು ಕಾಲದಿಂದ ಹೀಗಿದೆ ಎಂದು ವಿಚಾರಿಸಿದರು. ತಂದೆ ತಡವರಿಸಲಿಲ್ಲ. ಬಾಲ್ಯದಿಂದಲೂ ಹೀಗೆಯೇ, ಎಷ್ಟೋ ಸಲ ಬೆಂಕಿಗೂ ನೀರಿಗೂ ಬಿದ್ದಿದ್ದಾನೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದ.

ಎಲ್ಲವನ್ನೂ ಬಲ್ಲ ಸ್ವಾಮಿಗೆ ಇದು ತಿಳಿಯದ ಸಂಗತಿಯೆ? ಆದರೂ ಕೇಳಿದರು. ಮಗುವನ್ನು ಹಗಲಿರುಳು ಕಾಯ್ದವನ ಬಾಯಿಂದಲೇ ಆ ಮಾತು ಬರಲಿ ಎಂದು ಕೇಳಿದರು. ಶಾಸ್ತ್ರ ಬಲ್ಲವರು ಅಲ್ಲಿ ಬೇಕಾದಷ್ಟು ಜನರಿದ್ದರು. ಆ ಮಗುವನ್ನು ಬಲ್ಲವನು ತಂದೆ ಒಬ್ಬನೇ. ಅವನ ತಿಳುವಳಿಕೆಗೆ ಸ್ವಾಮಿ ಬೆಲೆ ಕೊಟ್ಟರು. ಈ ವಾರದ ಧ್ಯಾನಕ್ಕೆ ಈ ಒಂದು ಮಾತು ಸಾಕು: ವಿಶೇಷ ಅಗತ್ಯವುಳ್ಳ ಮಗುವಿನ ತಂದೆತಾಯಿ ಆ ಮಗುವಿನ ಸಾಕ್ಷಿಗಳು. ಕೇಳುವವರು ಕೇಳಿದಾಗ ಆ ಸಾಕ್ಷಿ ಸಿದ್ಧವಾಗಿರಬೇಕು.

ಹೀಗೊಂದು ಮನೆಯನ್ನು ನೆನೆಯೋಣ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹಾದಿಯಲ್ಲಿ ಕಮಲಾಪುರ ಸಿಗುತ್ತದೆ, ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಅಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಎಂಟು ವರ್ಷದ ಮಗ. ಕಲಿಕೆ ನಿಧಾನ, ನಡುನಡುವೆ ಫಿಟ್ಸ್. ಮಗುವಿನ ಶಿಕ್ಷಣದ ವಿಷಯ ಮಾತಾಡಲು ಕಲಬುರಗಿಯಲ್ಲಿ ಸಭೆ ಇದೆ, ಬನ್ನಿ ಎಂದು ಶಾಲೆಯಿಂದ ಕರೆ ಬರುತ್ತದೆ. ಗಂಡನಿಗೆ ಕೂಲಿ ತಪ್ಪುತ್ತದೆ ಎಂದು ತಾಯಿ ಒಬ್ಬಳೇ ಬೆಳಗಿನ ಬಸ್ಸು ಹಿಡಿಯುತ್ತಾಳೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಆಸ್ಪತ್ರೆ ಚೀಟಿ, ರೇಷನ್ ಕಾರ್ಡು, ಖಾಲಿ ಗುಳಿಗೆ ಪಟ್ಟಿ, ಕರೆಂಟ್ ಬಿಲ್ಲು ಎಲ್ಲ ಕಲಸಿಕೊಂಡಿವೆ.

ಅಲ್ಲಿ ಪ್ರಶ್ನೆ ಶುರುವಾಗುತ್ತವೆ. ಫಿಟ್ಸ್ ಯಾವಾಗಿನಿಂದ? ತಿಂಗಳಿಗೆ ಎಷ್ಟು ಸಲ? ಯಾವ ಗುಳಿಗೆ? ಹೋದ ವರ್ಷ ತಪಾಸಣೆ ಮಾಡಿದವರು ಏನು ಬರೆದಿದ್ದಾರೆ? ತಾಯಿ ಚೀಲದಲ್ಲಿ ಕೈಯಾಡಿಸುತ್ತಾಳೆ. "ಸಣ್ಣಾಂವ ಇದ್ದಾಗಿಂದ ಬರ್ತದ್ರಿ ಸರ, ಭಾಳ ಸಲ ಬರ್ತದ್ರಿ" ಎನ್ನುತ್ತಾಳೆ. ಹಿಂದೆ ಇನ್ನೂ ಇಪ್ಪತ್ತು ಜನ ಸರದಿಯಲ್ಲಿದ್ದಾರೆ. "ನೋಡ್ರಿ ಅವ್ವಾ, ಇಂಥಾ ಹುಡುಗನ್ನ ಸಾಲಿಗೆ ಕಳಿಸಿ ಯಾಕ ತ್ರಾಸ ತಗೋತೀರಿ? ಮನ್ಯಾಗ ಇರಲಿ ಬಿಡ್ರಿ" ಎಂದು ಯಾರೋ ಹೇಳುತ್ತಾರೆ. ತಾಯಿ ತಲೆಯಾಡಿಸಿ, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ ಬರುತ್ತಾಳೆ. ಸಂಜೆ ಗಂಡ "ಏನಂದ್ರು?" ಎಂದು ಕೇಳಿದರೆ ಹೇಳಲು ಅವಳಿಗೆ ತಿಳಿಯುವುದಿಲ್ಲ. ಮಗು ಒಂದು ವರ್ಷ ಕಳೆದುಕೊಂಡಿತು.

ಆ ತಾಯಿಗೆ ಪ್ರೀತಿ ಕಡಿಮೆಯಿತ್ತೆ? ಖಂಡಿತ ಇಲ್ಲ. ಎಂಟು ವರ್ಷ ಒಂದೇ ಒಂದು ರಾತ್ರಿ ನೆಮ್ಮದಿಯಾಗಿ ಮಲಗದೆ ಆ ಮಗುವನ್ನು ಕಾಯ್ದವಳು ಅವಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದದ್ದು ಆ ಹತ್ತು ನಿಮಿಷದಲ್ಲಿ ಕೈಗೆ ಸಿಗಲಿಲ್ಲ.

ಕುರ್ಚಿ ನಿಮ್ಮದೂ ಹೌದು

ಇಂಥ ಸಭೆಯಲ್ಲಿ ತಂದೆತಾಯಿ ಭಿಕ್ಷೆಗೆ ಬಂದವರಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಪ್ರತಿ ಮಗುವಿಗೂ ಒಂದು ಲಿಖಿತ ಶಿಕ್ಷಣ ಯೋಜನೆ ಇರಬೇಕು, ಅದನ್ನು ಮಾಡುವಾಗ ತಂದೆತಾಯಿಯೂ ಕೂತಿರಬೇಕು ಎಂಬುದನ್ನು ಅಮೆರಿಕ ದೇಶ 1975ರಲ್ಲೇ ಕಾನೂನು ಮಾಡಿತು. ನಮ್ಮ ದೇಶದಲ್ಲಿ 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು. ಅದರ ಬದಲಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಓದು ಬರಹದ ಕಲಿಕಾ ನ್ಯೂನತೆ ಎಲ್ಲವೂ ಅದರಲ್ಲಿ ಸೇರಿವೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯೂ ಅದರಲ್ಲಿದೆ.

ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾಗಿ, ತೀವ್ರ ವೈಕಲ್ಯ ಹಾಗೂ ಬಹುವಿಧ ವೈಕಲ್ಯವುಳ್ಳ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು ಎಂದಾಯಿತು. ಗಮನಿಸಿ, ಅದು ಮಗುವಿಗೆ ಕೊಟ್ಟ ಹಕ್ಕು. ನಡೆದು ಶಾಲೆಗೆ ಹೋಗಬಲ್ಲ ಮಗುವನ್ನು ಮನೆಗೆ ಕಳಿಸಿಬಿಡಲು ಅದನ್ನು ನೆವ ಮಾಡಿಕೊಳ್ಳಬಾರದು. ಗೃಹಾಧಾರಿತ ಶಿಕ್ಷಣ ಎಂದರೆ ಶಿಕ್ಷಕರು ಮನೆಗೆ ಬಂದು ಕಲಿಸಬೇಕು. "ಮನೆಯಲ್ಲಿರಲಿ ಬಿಡಿ" ಎಂದರೆ ಕಲಿಸುವವರು ಯಾರೂ ಇಲ್ಲ ಎಂದರ್ಥ. ಈ ಎರಡರ ಅಂತರವನ್ನು ಪ್ರತಿ ತಾಯಿ ತಿಳಿದಿರಬೇಕು.

ನಮ್ಮ ರಾಜ್ಯದಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ಕ್ಷೇತ್ರ ಸಂಪನ್ಮೂಲ ಕೇಂದ್ರಗಳಲ್ಲಿ ಈ ಮಕ್ಕಳಿಗೆಂದೇ ಸಂಪನ್ಮೂಲ ಶಿಕ್ಷಕರಿದ್ದಾರೆ. ಬಿ.ಐ.ಇ.ಆರ್.ಟಿ. ಎಂದು ಅವರನ್ನು ಕರೆಯುತ್ತಾರೆ. ಮಗುವಿಗೆ ತಕ್ಕ ವೈಯಕ್ತಿಕ ಶಿಕ್ಷಣ ಯೋಜನೆ ಮಾಡುವುದು, ಶ್ರವಣ ಸಾಧನ, ಗಾಲಿಕುರ್ಚಿ ಮುಂತಾದವಕ್ಕೆ ತಪಾಸಣಾ ಶಿಬಿರ ಏರ್ಪಡಿಸುವುದು ಇವರ ಕೆಲಸಗಳಲ್ಲಿ ಸೇರಿವೆ. ಒಬ್ಬೊಬ್ಬರು ಎಷ್ಟೋ ಶಾಲೆಗಳನ್ನು ನೋಡಬೇಕು. ನಿಮ್ಮ ಮಗುವಿನ ವಿವರವೆಲ್ಲ ಅವರ ನೆನಪಿನಲ್ಲಿ ಇರಲಾರದು. ಆದುದರಿಂದ ಜಗಳಕ್ಕೆ ಹೋದಂತೆ ಹೋಗಬೇಡಿ, ಹೊರೆಗೆ ಹೆಗಲು ಕೊಡುವವರಂತೆ ಹೋಗಿರಿ. ನೀವು ಅಚ್ಚುಕಟ್ಟಾಗಿ ವಿವರ ಕೊಟ್ಟರೆ ಅವರ ಕೆಲಸವೂ ಹಗುರವಾಗುತ್ತದೆ.

ಹೆದರಿದ ತಂದೆತಾಯಿ

ಯೊವಾನ್ನನ ಶುಭಸಂದೇಶದಲ್ಲಿ ಇನ್ನೊಂದು ಸಭೆ ಇದೆ. ಹುಟ್ಟು ಕುರುಡನಿಗೆ ದೃಷ್ಟಿ ಬಂದ ಮೇಲೆ ಅಧಿಕಾರಿಗಳು ಅವನ ತಂದೆತಾಯಿಯನ್ನು ಕರೆಸಿ ವಿಚಾರಣೆ ಮಾಡಿದರು. ಇವನು ನಮ್ಮ ಮಗ, ಹುಟ್ಟುವಾಗಲೇ ಕುರುಡನಾಗಿದ್ದ ಎಂದಷ್ಟು ಅವರು ಹೇಳಿದರು. ಮುಂದಿನದು ನಮಗೆ ತಿಳಿಯದು, ಅವನನ್ನೇ ಕೇಳಿ ಎಂದು ಜಾರಿಕೊಂಡರು. ಅವರು ಹೆದರಿದ್ದರು ಎಂದು ಶುಭಸಂದೇಶಕಾರ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಆ ಹೆದರಿಕೆ ನಮಗೆ ಅಪರಿಚಿತವಲ್ಲ. ಮೇಜಿನ ಆಚೆ ಕುಳಿತವರು ಓದಿದವರು, ಕಾಗದ ಇಂಗ್ಲಿಷಿನಲ್ಲಿ, ನಮ್ಮ ಮಾತು ಹಳ್ಳಿಯದು. ಇದರ ಜೊತೆಗೆ ಇನ್ನೊಂದು ಹೆದರಿಕೆ ಒಳಗೇ ಕೂತಿರುತ್ತದೆ. ಇದು ನಮ್ಮ ಪಾಪದ ಫಲ ಎಂದು ಯಾರೋ ನೆಂಟರು ಎಂದೋ ಆಡಿದ ಮಾತು ಎದೆಯಲ್ಲಿ ಮುಳ್ಳಾಗಿ ಉಳಿದಿರುತ್ತದೆ. ಅದೇ ಅಧ್ಯಾಯದ ಆರಂಭದಲ್ಲಿ ಶಿಷ್ಯರೂ ಇದನ್ನೇ ಕೇಳಿದ್ದರು. ಇವನ ಪಾಪವೂ ಅಲ್ಲ, ಹೆತ್ತವರ ಪಾಪವೂ ಅಲ್ಲ ಎಂದು ಯೇಸುಸ್ವಾಮಿ ಅದನ್ನು ಬೇರುಸಹಿತ ಕಿತ್ತುಹಾಕಿದರು. ಸ್ವಾಮಿ ಕಿತ್ತ ಮುಳ್ಳನ್ನು ನಾವು ಮತ್ತೆ ಚುಚ್ಚಿಕೊಳ್ಳುವುದು ಬೇಡ. ತಲೆ ಎತ್ತಿ ಹೋಗಿರಿ.

ನೆಹೆಮೀಯ ಸಿದ್ಧನಾದ ಬಗೆ

ಹೆದರಿಕೆಯನ್ನು ಗೆದ್ದವನ ಕಥೆಯೂ ಪವಿತ್ರ ಗ್ರಂಥದಲ್ಲಿದೆ. ನೆಹೆಮೀಯ ಪರ್ಷಿಯಾದ ಅರಸನ ಪಾನಸೇವಕ. ಜೆರುಸಲೇಮಿನ ಗೋಡೆ ಬಿದ್ದ ಸುದ್ದಿ ಕೇಳಿ ಅತ್ತು, ಉಪವಾಸ ಮಾಡಿ, ತಿಂಗಳುಗಟ್ಟಲೆ ಪ್ರಾರ್ಥಿಸಿದ. ಒಂದು ದಿನ ಅರಸನೇ, ನಿನಗೇನು ಬೇಕು ಎಂದು ವಿಚಾರಿಸಿದ. ತನಗೆ ಬಹಳ ಭಯವಾಯಿತು ಎಂದು ನೆಹೆಮೀಯ ತಾನೇ ಹೇಳಿಕೊಂಡಿದ್ದಾನೆ. ಆದರೂ ಮನಸ್ಸಿನಲ್ಲೇ ದೇವರನ್ನು ನೆನೆದು ಉತ್ತರ ಕೊಟ್ಟ. ಎಷ್ಟು ಕಾಲ ಬೇಕು ಎಂಬುದಕ್ಕೆ ಅವಧಿ ಹೇಳಿದ. ದಾರಿಯ ಅಧಿಕಾರಿಗಳಿಗೆ ಪತ್ರ ಕೇಳಿದ. ಮರಮುಟ್ಟಿಗಾಗಿ ಅರಣ್ಯಪಾಲಕನ ಹೆಸರು ಹಿಡಿದು ಇನ್ನೊಂದು ಪತ್ರ ಕೇಳಿದ. ಊರಿಗೆ ಹೋದ ಮೇಲೆ ಮೊದಲು ರಾತ್ರಿ ಗೋಡೆ ಸುತ್ತಿ, ಎಲ್ಲೆಲ್ಲಿ ಬಿದ್ದಿದೆ ಎಂದು ಕಣ್ಣಾರೆ ನೋಡಿಕೊಂಡ.

ಪ್ರಾರ್ಥಿಸಿದವನು ಲೆಕ್ಕ ಇಡಲಿಲ್ಲವೆ? ಲೆಕ್ಕ ಇಟ್ಟದ್ದರಿಂದ ಅವನ ನಂಬಿಕೆ ಕಡಿಮೆಯಾಯಿತೆ? ಕೆಲವರು "ಪ್ರಾರ್ಥನೆ ಸಾಕು, ಗುಳಿಗೆ ನಿಲ್ಲಿಸಿ" ಎಂದು ಹೇಳುವುದುಂಟು. ಫಿಟ್ಸ್ ಗುಳಿಗೆಯನ್ನು ವೈದ್ಯರನ್ನು ಕೇಳದೆ ತಟ್ಟನೆ ನಿಲ್ಲಿಸಿದರೆ ಮಗುವಿನ ಪ್ರಾಣಕ್ಕೇ ಅಪಾಯ. ಪ್ರಾರ್ಥನೆಯೂ ಬೇಕು, ಗುಳಿಗೆಯೂ ಬೇಕು, ಕಾಗದವೂ ಬೇಕು. ನೆಹೆಮೀಯನಿಗೆ ಇವೆಲ್ಲ ಒಂದೇ ಭಕ್ತಿಯ ಕೆಲಸವಾಗಿದ್ದವು. ಅವನ ದಾರಿಯನ್ನು ನಮ್ಮ ಮನೆಗೆ ಹೀಗೆ ತಂದುಕೊಳ್ಳಬಹುದು.

ಸಭೆಗೆ ಮೊದಲು

ಮಗುವಿನ ಹೆಸರಿನಲ್ಲಿ ಒಂದು ಫೈಲು ಮತ್ತು ಒಂದು ನೂರು ಪುಟದ ನೋಟುಬುಕ್ಕು ಕೊಳ್ಳಿರಿ. ಫೈಲಿನಲ್ಲಿ ನಾಲ್ಕು ಭಾಗ ಮಾಡಿ. ಮೊದಲನೆಯದು ಗುರುತಿನ ಕಾಗದಗಳು: ಜನನ ಪ್ರಮಾಣಪತ್ರ, ಆಧಾರ್, ವೈಕಲ್ಯದ ಪ್ರಮಾಣಪತ್ರ, ಯು.ಡಿ.ಐ.ಡಿ. ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು, ಆದಾಯ ಪ್ರಮಾಣಪತ್ರ. ಎರಡನೆಯದು ಆಸ್ಪತ್ರೆಯದು, ಹಳೆಯದು ಕೆಳಗೆ, ಹೊಸದು ಮೇಲೆ. ಮೂರನೆಯದು ಶಾಲೆಯದು: ಅಂಕಪಟ್ಟಿ, ಶಿಕ್ಷಣ ಯೋಜನೆಯ ಪ್ರತಿ, ಮಗು ಬರೆದ ಒಂದೆರಡು ಹಾಳೆ. ನಾಲ್ಕನೆಯದು ನೀವು ಕೊಟ್ಟ ಅರ್ಜಿ, ಬಂದ ಉತ್ತರ. ಮೂಲ ಪ್ರತಿಗಳನ್ನು ಕೈಬಿಡಬೇಡಿ. ಕೇಳಿದವರಿಗೆ ತೋರಿಸಿ, ಕೊಡುವಾಗ ಝೆರಾಕ್ಸ್ ಕೊಡಿ. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವ ಕುಟುಂಬಗಳು ಈ ಫೈಲನ್ನು ಬಟ್ಟೆಗಂಟಿನ ಜೊತೆಗೇ ಒಯ್ಯಬೇಕು. ಹೊಸ ಊರಿನ ಶಾಲೆಯಲ್ಲಿ ಮಗುವಿನ ಬಗ್ಗೆ ಮಾತಾಡುವುದು ಅದೇ.

ನೋಟುಬುಕ್ಕಿನಲ್ಲಿ ದಿನಕ್ಕೆ ಒಂದು ಸಾಲು ಸಾಕು. ಫಿಟ್ಸ್ ಬಂದರೆ ತಾರೀಖು, ಹೊತ್ತು, ಎಷ್ಟು ನಿಮಿಷ. ಗುಳಿಗೆ ಬದಲಾದರೆ ಅದರ ಹೆಸರು. ಮಗು ಹೊಸದೇನಾದರೂ ಕಲಿತರೆ ಅದನ್ನು ತಪ್ಪದೆ ಬರೆಯಿರಿ: ಇಂದು ತಾನೇ ಅಂಗಿ ಗುಂಡಿ ಹಾಕಿಕೊಂಡ, ಇಂದು ಹತ್ತರವರೆಗೆ ಎಣಿಸಿದ. ಕಷ್ಟವನ್ನು ಎಲ್ಲರೂ ಬರೆಯುತ್ತಾರೆ. ಮಗುವಿನ ಸಾಮರ್ಥ್ಯವನ್ನು ಬರೆಯುವವರು ತಂದೆತಾಯಿ ಮಾತ್ರ.

ಸಭೆಯ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಮೂರು ಭಾಗ ಮಾಡಿ ಬರೆಯಿರಿ. ಮಗುವಿಗೆ ಏನು ಬರುತ್ತದೆ? ಎಲ್ಲಿ ತೊಡಕು? ನಮಗೆ ಏನು ಬೇಕು? ಮೂರನೆಯದರಲ್ಲಿ ಮೂರಕ್ಕಿಂತ ಹೆಚ್ಚು ಬೇಡಿಕೆ ಬೇಡ. ಮುಂದಿನ ಸಾಲಿನಲ್ಲಿ ಕೂರಿಸಬೇಕು, ಫಿಟ್ಸ್ ಬಂದರೆ ಏನು ಮಾಡಬೇಕೆಂದು ಶಿಕ್ಷಕರಿಗೆ ತಿಳಿಸಿಕೊಡಬೇಕು, ಸಂಪನ್ಮೂಲ ಶಿಕ್ಷಕರು ಯಾವ ದಿನ ಬರುತ್ತಾರೆ ಎಂದು ಹೇಳಬೇಕು. ಹೀಗೆ ಮಾಡಿ ಮುಗಿಸಬಹುದಾದದ್ದನ್ನು ಕೇಳಿರಿ. "ನನ್ನ ಮಗನ್ನ ಚೆನ್ನಾಗಿ ನೋಡ್ಕೋರಿ" ಎಂದಷ್ಟೇ ಹೇಳಿದರೆ ಎಲ್ಲರೂ ಆಗಲಿ ಎನ್ನುತ್ತಾರೆ, ಮರುದಿನ ಯಾರಿಗೂ ನೆನಪಿರುವುದಿಲ್ಲ. ಹತ್ತನೆಯ ತರಗತಿಗೆ ಬಂದ ಮಕ್ಕಳಾದರೆ ಪರೀಕ್ಷೆಯಲ್ಲಿ ಬರಹಗಾರರ ಸಹಾಯ, ಹೆಚ್ಚಿನ ಸಮಯ ಬೇಕೆಂದು ವರ್ಷದ ಆರಂಭದಲ್ಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿರಿ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಫಲವಿಲ್ಲ.

ಸಭೆಯಲ್ಲಿ

ಇಬ್ಬರು ಹೋಗಿರಿ. ಒಬ್ಬರು ಮಾತಾಡಲಿ, ಒಬ್ಬರು ಬರೆದುಕೊಳ್ಳಲಿ. ತಂದೆಯರೇ, ಈ ಮಾತು ವಿಶೇಷವಾಗಿ ನಿಮಗೆ. ಆ ದಿನ ಸ್ವಾಮಿಯ ಮುಂದೆ ಮಗನನ್ನು ತಂದವನು ತಂದೆ. ನಮ್ಮ ಕಡೆ ಆಸ್ಪತ್ರೆ, ಶಾಲೆ ಎಲ್ಲ ತಾಯಿಯ ಪಾಲು ಎಂದುಕೊಂಡಿದ್ದೇವೆ. ವರ್ಷಕ್ಕೆ ಒಂದೆರಡು ದಿನದ ಕೂಲಿಯನ್ನು ಮಗುವಿಗಾಗಿ ಬಿಟ್ಟುಕೊಡಿ. ಅದೂ ಒಂದು ಕಾಣಿಕೆ.

ಕುಳಿತವರ ಹೆಸರು, ಹುದ್ದೆ ಕೇಳಿ ಬರೆದುಕೊಳ್ಳಿ. ತಿಳಿಯದ ಮಾತು ಬಂದರೆ "ಕನ್ನಡದಾಗ ತಿಳಿಸಿ ಹೇಳ್ರಿ ಸರ" ಎಂದು ನಾಚದೆ ಕೇಳಿರಿ. ಯಾವುದೇ ತೀರ್ಮಾನವಾದರೂ ಮೂರು ಪ್ರಶ್ನೆ ಹಾಕಿರಿ: ಏನು ಮಾಡುತ್ತೀರಿ? ಯಾರು ಮಾಡುತ್ತಾರೆ? ಯಾವ ತಾರೀಖಿನೊಳಗೆ? ಏಳುವ ಮೊದಲು ಬರೆದುಕೊಂಡದ್ದನ್ನು ಎಲ್ಲರಿಗೂ ಓದಿ ಹೇಳಿರಿ. ಓದಿ ತಿಳಿಯದ ಕಾಗದಕ್ಕೆ ಸಹಿ ಹಾಕಬೇಡಿ, ಹೆಬ್ಬೆಟ್ಟು ಒತ್ತಬೇಡಿ; "ಮನೆಯಲ್ಲಿ ವಿಚಾರ ಮಾಡಿ ನಾಳೆ ಕೊಡುತ್ತೇವೆ" ಎಂದು ಹೇಳಲು ನಿಮಗೆ ಅಧಿಕಾರವಿದೆ. ಸಹಿ ಹಾಕಿದ ಕಾಗದದ ಪ್ರತಿ ಕೇಳಿ ಪಡೆಯಿರಿ. ಸಿಟ್ಟು ಬಂದರೆ ಒಂದು ಲೋಟ ನೀರು ಕುಡಿದು, ಮನಸ್ಸಿನಲ್ಲಿ ಒಂದು ನಮೋ ಮರಿಯ ಹೇಳಿ, ಹಾಳೆ ನೋಡಿ ಮಾತು ಮುಂದುವರಿಸಿರಿ. ಹೊರಡುವಾಗ ಕೃತಜ್ಞತೆ ಹೇಳುವುದನ್ನು ಮರೆಯಬೇಡಿ.

ಸಭೆಯ ನಂತರ

ಅದೇ ಸಂಜೆ, ನೆನಪು ಹಸಿಯಾಗಿರುವಾಗ, ಆದದ್ದನ್ನು ನೋಟುಬುಕ್ಕಿನಲ್ಲಿ ಬರೆದಿಡಿ. ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಒಂದು ಸಣ್ಣ ಮನವಿಯಾಗಿ ಎರಡು ಪ್ರತಿ ಬರೆದು ಮುಖ್ಯೋಪಾಧ್ಯಾಯರಿಗೆ ಕೊಡಿರಿ. ಎರಡನೆಯ ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ತಾರೀಖು, ಮೊಹರು ಹಾಕಿಸಿ ತನ್ನಿರಿ. ಹೇಳಿದ ತಾರೀಖು ದಾಟಿದರೆ ಹೋಗಿ ನೆನಪು ಮಾಡಿ. ಕೆಲಸವಾಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯಬಹುದು. ರಾಜ್ಯಮಟ್ಟದಲ್ಲಿ ವಿಕಲಚೇತನರ ಹಕ್ಕುಗಳಿಗಾಗಿಯೇ ಆಯುಕ್ತರಿದ್ದಾರೆ, ಅವರಿಗೂ ದೂರು ಕೊಡಬಹುದು. ಅಲ್ಲಿ ಕೇಳುವುದೂ ಕಾಗದವನ್ನೇ. ಐದು ರೊಟ್ಟಿಯ ಅದ್ಭುತ ಮಾಡಿದ ಸ್ವಾಮಿ, ಉಳಿದ ತುಣುಕುಗಳನ್ನೂ ವ್ಯರ್ಥವಾಗದಂತೆ ಕೂಡಿಸಿಡಲು ಹೇಳಿದರು. ಈ ಚೀಟಿ ಚೀಟಿಯ ಕಾಗದಗಳನ್ನು ನಾವು ಹಾಗೆ ಕೂಡಿಸಿಡೋಣ.

ಓದು ಬಾರದ ಮನೆಗೆ ಯಾರು?

"ಇದೆಲ್ಲ ಓದಿದವರಿಗೆ ಆಯಿತು, ನಮಗೆ ಅಕ್ಷರ ಬರುವುದಿಲ್ಲ" ಎಂದು ಯಾರಾದರೂ ಹೇಳಬಹುದು. ಈ ಮಾತಿಗೆ ಉತ್ತರ ಕೊಡಬೇಕಾದವರು ಧರ್ಮಕೇಂದ್ರದ ನಾವೆಲ್ಲರೂ. ಪಾರ್ಶ್ವವಾಯು ಪೀಡಿತನನ್ನು ನಾಲ್ವರು ಹೊತ್ತು ತಂದರು, ಬಾಗಿಲಲ್ಲಿ ದಾರಿ ಇಲ್ಲದಾಗ ಮಾಳಿಗೆ ತೆಗೆದು ಇಳಿಸಿದರು. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಕಾಲೇಜಿಗೆ ಹೋಗುವ ಯುವಕ ಯುವತಿಯರು, ಉಪದೇಶಿಗಳು, ನಿವೃತ್ತ ಶಿಕ್ಷಕರು, ಧರ್ಮಭಗಿನಿಯರು ಇಂಥ ಒಂದೊಂದು ಮನೆಯ ಫೈಲು ಜೋಡಿಸಿಕೊಡಬಹುದು, ಸಭೆಗೆ ಜೊತೆಗೆ ಹೋಗಿ ಬರೆದುಕೊಳ್ಳಬಹುದು. ಹೋದವರು ಒಂದು ನಿಯಮ ಪಾಲಿಸಬೇಕು: ಅಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಆಡಬಾರದು.

ಇಟಲಿಯಲ್ಲಿ 1287ರಲ್ಲಿ ಹುಟ್ಟಿದ ಕಾಸ್ತೆಲ್ಲೊದ ಮಾರ್ಗರೀತಳನ್ನು ನೆನೆಯಿರಿ. ಹುಟ್ಟು ಕುರುಡಿ, ಗೂನು ಬೆನ್ನು, ಕುಳ್ಳು ದೇಹ. ಸಿರಿವಂತ ತಂದೆತಾಯಿ ನಾಚಿಕೆಯಿಂದ ಅವಳನ್ನು ವರ್ಷಗಟ್ಟಲೆ ಒಂದು ಕೋಣೆಯಲ್ಲಿ ಮುಚ್ಚಿಟ್ಟರು. ಅದ್ಭುತದ ಆಸೆಯಿಂದ ಕಾಸ್ತೆಲ್ಲೊ ನಗರಕ್ಕೆ ಕರೆದೊಯ್ದರು. ಅದ್ಭುತ ಆಗದಿದ್ದಾಗ ಅಲ್ಲಿಯೇ ಬಿಟ್ಟು ಹೊರಟುಹೋದರು. ಅವಳನ್ನು ಎತ್ತಿಕೊಂಡವರು ಆ ಊರಿನ ಬಡಜನ. ಆಕೆ ಸಂತ ದೊಮಿನಿಕರ ಮೂರನೆಯ ಸಭೆಗೆ ಸೇರಿ, ಊರಿನ ಮಕ್ಕಳಿಗೆ ಕಲಿಸುತ್ತ, ರೋಗಿಗಳ ಸೇವೆ ಮಾಡುತ್ತ 1320ರಲ್ಲಿ ತೀರಿಕೊಂಡಳು. 2021ರಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಆಕೆಯನ್ನು ಸಂತಳೆಂದು ಸಾರಿದರು. ಕೋಣೆಯಲ್ಲಿ ಮುಚ್ಚಿಟ್ಟ ಮಗುವಿನಲ್ಲಿ ಒಬ್ಬ ಗುರುವೂ ಒಬ್ಬ ಸಂತಳೂ ಇದ್ದದ್ದು ಹೆತ್ತವರ ಕಣ್ಣಿಗೆ ಬೀಳಲಿಲ್ಲ, ನೆರೆಯ ಬಡವರ ಕಣ್ಣಿಗೆ ಬಿತ್ತು. ಕಲಬುರಗಿಯ ಬಡಾವಣೆಗಳಲ್ಲಿ, ಕಮಲಾಪುರದ ಸುತ್ತಿನ ಹಳ್ಳಿ ತಾಂಡಾಗಳಲ್ಲಿ ಹಗಲೆಲ್ಲ ಒಳಗೇ ಕೂಡಿಟ್ಟ ಮಕ್ಕಳಿದ್ದರೆ, ಆ ಬಾಗಿಲನ್ನು ಮೆಲ್ಲನೆ ತಟ್ಟುವವರು ನಾವೇ ಆಗಬೇಕು.

ಕೊನೆಗೆ ಒಂದು ಮಾತು. ಆ ತಂದೆ ಸ್ವಾಮಿಯ ಮುಂದೆ ತನ್ನ ನಂಬಿಕೆಯನ್ನು ಹೇಳಿಕೊಂಡ, ಮರುಕ್ಷಣವೇ ಅದರ ಕೊರತೆಯನ್ನೂ ಹೇಳಿ ಸಹಾಯ ಬೇಡಿದ. ಸ್ವಾಮಿ ಅವನನ್ನು ತಳ್ಳಲಿಲ್ಲ. ಫೈಲು ಜೋಡಿಸಿದರೂ ಕೆಲವು ಸಭೆಗಳು ಬರಿಗೈಯಲ್ಲಿ ಮುಗಿಯುತ್ತವೆ. ಮಗು ನಾವು ಬಯಸಿದಷ್ಟು ಕಲಿಯದೆಯೂ ಹೋಗಬಹುದು. ಆಗ ಎದೆ ಒಡೆಯುತ್ತದೆ. ಒಡೆದ ಎದೆಯಿಂದಲೇ ಮರುದಿನದ ಸಾಲನ್ನು ಬರೆಯಿರಿ: ತಾರೀಖು ಹಾಕಿ, ಮಗು ಇಂದು ಏನು ಮಾಡಿತು ಎಂದು. ಆ ಮಗುವನ್ನು ದೀಕ್ಷಾಸ್ನಾನದಲ್ಲಿ ಹೆಸರು ಹಿಡಿದು ಕರೆದ ದೇವರು ಆ ಸಾಲನ್ನು ನಿಮ್ಮ ಜೊತೆ ಓದುತ್ತಾರೆ.

ಪ್ರಾರ್ಥಿಸೋಣ: ಪ್ರಭುವೇ, ನಮ್ಮ ಮಗುವನ್ನು ನಮಗಿಂತ ಮೊದಲು ಬಲ್ಲವರು ನೀವು. ನಾಳೆ ನಾವು ಅಧಿಕಾರಿಗಳ ಮುಂದೆ ಕೂತಾಗ ನಮ್ಮ ನಾಲಗೆಗೆ ಧೈರ್ಯವನ್ನೂ ಮನಸ್ಸಿಗೆ ಸಮಾಧಾನವನ್ನೂ ಕೊಡಿ. ಅಲ್ಲಿ ಕೂತವರ ಹೃದಯವನ್ನು ಮೃದುಮಾಡಿ. ನಮ್ಮ ಮಗುವಿಗೆ ಕಲಿಸುವ ಕೈಗಳನ್ನು ಆಶೀರ್ವದಿಸಿ. ಆಮೆನ್.